ಹೊಯ್ಸಳ ದೇಗುಲಗಳೂ ಟೇಗಸ್ ತೀರದ ಸ್ಮಾರಕಗಳೂ: ಒಂದು ತೌಲನಿಕ ವಿವೇಚನೆ

ಹಳೇಬೀಡಿನ ಹೊಯ್ಸಳೇಶ್ವರ ದೇಗುಲವನ್ನು ಕುರಿತು ಬರೆದವರಲ್ಲಿ ಬಹುಮಂದಿ, ತಿಳಿದೋ ತಿಳಿಯದೆಯೋ, ಜೇಮ್ಸ್ ಫರ್ಗುಸನ್ ಮಾಡಿದ ಒಂದು ಹೋಲಿಕೆಗೆ ಋಣಿಗಳಾಗಿದ್ದಾರೆ. ೧೮೭೬ರಲ್ಲಿ ಪ್ರಕಟವಾದ ತನ್ನ ವಾಸ್ತುಶಿಲ್ಪ ಚರಿತ್ರೆಯಲ್ಲಿ ಆತನು ಈ ದೇಗುಲವನ್ನು ಅಥೆನ್ಸಿನ ಪಾರ್ಥೆನಾನಿನ ಪಕ್ಕದಲ್ಲಿ ನಿಲ್ಲಿಸಿ, ವಾಸ್ತುಕಲೆ ಮುಟ್ಟಬಲ್ಲ ಎರಡು ತುದಿಗಳು ಇವೆಂದು ನಿರ್ಣಯಿಸಿದನು. ಪಾರ್ಥೆನಾನ್ ಬುದ್ಧಿಯ ಸಂಯಮಕ್ಕೆ ನಿದರ್ಶನ. ಹಳೇಬೀಡು ಶ್ರದ್ಧೆಯ, ಭಾವದ ಉಕ್ಕಿಗೆ ನಿದರ್ಶನ. ಭಾರತೀಯ ಶಿಲ್ಪವನ್ನು ಕೀಳೆಂದು ತಳ್ಳಿಹಾಕುತ್ತಿದ್ದವರೇ ಹೆಚ್ಚಾಗಿದ್ದ ಕಾಲದಲ್ಲಿ ಇದು ಉದಾರವಾದ ಮಾತೇ ಸರಿ. ಆ ಔದಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಒಂದು ಹೋಲಿಕೆ ಎರಡು ವಸ್ತುಗಳನ್ನು ಬೆಳಗುವಂತೆಯೇ ಅವುಗಳಲ್ಲಿ ಕೆಲವು ಮುಖಗಳನ್ನು ಮರೆಮಾಡುವುದೂ ಉಂಟು. ಪಾರ್ಥೆನಾನಿನ ಪಕ್ಕದಲ್ಲಿ ನಿಂತ ಹೊಯ್ಸಳೇಶ್ವರನಿಗೆ ಒಂದೇ ಅಳತೆಗೋಲು ಉಳಿಯಿತು: ಅಲಂಕಾರ ಎಷ್ಟು? ಹೆಚ್ಚೋ ಕಡಿಮೆಯೋ? ಮೆಚ್ಚುವವರು ಸಮೃದ್ಧಿ ಎಂದರು, ಮೆಚ್ಚದವರು ಅತಿರೇಕ ಎಂದರು. ಅಳತೆಗೋಲು ಮಾತ್ರ ಇಬ್ಬರಿಗೂ ಒಂದೇ. ಇದರೊಡನೆ ಇನ್ನೊಂದು ಭಾವನೆಯೂ ಬೆಳೆದುಬಂದಿತು: ಈ ದೇಗುಲಗಳು ಒಳನಾಡಿನವು, ಹೊರಜಗತ್ತಿನ ಗಾಳಿ ಸೋಕದ ಒಂದು ಮುಚ್ಚಿದ ಧಾರ್ಮಿಕ ಲೋಕದ ಸೃಷ್ಟಿಗಳು ಎಂಬ ಭಾವನೆ. ನಮ್ಮ ಕಾಲೇಜುಗಳ ಅಧ್ಯಯನ ಪ್ರವಾಸಗಳಲ್ಲಿ ವಿದ್ಯಾರ್ಥಿಗಳು ಆನೆಯ ಸಾಲು, ಕುದುರೆಯ ಸಾಲು, ಮದನಿಕೆಯರ ಒಡವೆ ಎಂದು ಪಟ್ಟಿ ಬರೆದುಕೊಂಡು, ಬೆರಗುಪಟ್ಟು, ಹಿಂದಿರುಗುವುದು ಈ ನೋಟದ ಫಲ. ಹೋಲಿಕೆಯ ಸಂಗಾತಿಯನ್ನು ಬದಲಿಸಿದರೆ ನೋಟವೂ ಬದಲಾಗಬಹುದೇ ಎಂಬುದು ಪ್ರಕೃತ ಲೇಖನದ ಪ್ರಶ್ನೆ.

ನಾವು ಆರಿಸಿಕೊಂಡಿರುವ ಸಂಗಾತಿ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ, ಟೇಗಸ್ ನದಿಯ ದಡದಲ್ಲಿದೆ. ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಎಡೆಗೆ ಸಮೀಪದಲ್ಲಿ ಬೆಲೇಂ ಎಂಬ ಸ್ಥಳವುಂಟು. ವಾಸ್ಕೋ ಡ ಗಾಮ ೧೪೯೮ರಲ್ಲಿ ಕಲ್ಲಿಕೋಟೆಯನ್ನು ಮುಟ್ಟಿ ಹಿಂದಿರುಗಿದ ಮೇಲೆ, ದೊರೆ ಒಂದನೆಯ ಮನುವೆಲ್ (೧೪೯೫–೧೫೨೧) ಅಲ್ಲಿ ಜೆರೊನಿಮೊ ಸಂನ್ಯಾಸಿಗಳಿಗಾಗಿ ಒಂದು ಭವ್ಯವಾದ ಮಠವನ್ನು ಕಟ್ಟಿಸತೊಡಗಿದನು. ೧೬ನೆಯ ಶತಮಾನದ ಆರಂಭದಲ್ಲಿ ಮೊದಲಾದ ಈ ಕೆಲಸ ಸುಮಾರು ನೂರು ವರ್ಷ ನಡೆಯಿತು. ಮಠಕ್ಕೆ ಅನತಿದೂರದಲ್ಲಿ, ನದಿಯ ಬಾಯನ್ನು ಕಾಯುವುದಕ್ಕೆಂದು, ೧೫೧೪ರಲ್ಲಿ ಒಂದು ಗೋಪುರಕೋಟೆಯನ್ನು ತೊಡಗಿ ಐದಾರು ವರ್ಷಗಳಲ್ಲಿ ಮುಗಿಸಲಾಯಿತು. ಇದರ ಶಿಲ್ಪಿ ಫ್ರಾನ್ಸಿಸ್ಕೊ ದೆ ಅರ್ರುದ. ಈ ಎರಡು ಕಟ್ಟಡಗಳ ಶೈಲಿಗೆ ಆ ದೊರೆಯ ಹೆಸರೇ ನಿಂತಿದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದುದು ೧೧೧೭ರಲ್ಲಿ. ಹಳೇಬೀಡಿನ ದೇಗುಲ ತೊಡಗಿದುದು ೧೧೨೧ರ ಸುಮಾರಿಗೆ. ಅರಸೀಕೆರೆಯ ಈಶ್ವರ ದೇಗುಲ ೧೨೨೦ರ ಸುಮಾರಿನದು. ಪೋರ್ಚುಗೀಸ್ ಕಟ್ಟಡಗಳು ಇವಕ್ಕಿಂತ ಮೂರು ನಾಲ್ಕು ಶತಮಾನ ಈಚಿನವು. ಅದೇ ಕಾಲದ ನದೀತೀರದ ಸ್ಮಾರಕ ಬೇಕಾದರೆ ಶರಾವತಿಯ ದಡದ ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಇದೆಯಲ್ಲ? ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರಲ್ಲ? ಈ ಆಕ್ಷೇಪಣೆ ಯುಕ್ತವಾದುದೇ. ಆದರೆ ಪಾರ್ಥೆನಾನಿಗೂ ಹಳೇಬೀಡಿಗೂ ನಡುವೆ ಇರುವ ಅಂತರ ಇದಕ್ಕಿಂತ ಬಹಳ ಹೆಚ್ಚು. ಅದು ಯಾರನ್ನೂ ತಡೆದಿಲ್ಲ. ನಾವು ಹುಡುಕುತ್ತಿರುವುದು ಒಂದರ ಪ್ರಭಾವ ಇನ್ನೊಂದರ ಮೇಲೆ ಬಿದ್ದುದನ್ನಲ್ಲ. ಸ್ವಭಾವದಲ್ಲಿ ಹತ್ತಿರವಾದ ಎರಡು ಕಟ್ಟಡ ಸಮೂಹಗಳು ಒಂದನ್ನೊಂದು ಹೇಗೆ ವಿವರಿಸುತ್ತವೆ ಎಂಬುದನ್ನು.

ಸ್ವಭಾವದ ಸಾಮೀಪ್ಯವಂತೂ ಸ್ಪಷ್ಟವಾಗಿದೆ. ಎರಡು ಕಡೆಯೂ ಗೋಡೆ ಬರಿದಾಗಿ ಉಳಿಯಲು ಒಪ್ಪುವುದಿಲ್ಲ. ಎರಡು ಕಡೆಯೂ ಕಲ್ಲು ಶಿಲ್ಪಿಗೆ ಒದಗಿಬಂದಿದೆ: ಹೊಯ್ಸಳರದು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಗೊಳ್ಳುವ ಬಳಪದ ಕಲ್ಲು, ಪೋರ್ಚುಗೀಸರದು ತಿಳಿಬಣ್ಣದ ಸುಣ್ಣಕಲ್ಲು. ಎರಡು ಕಡೆಯೂ ಅರಸನ ಗೆಲುವಿನ ನೆನಪು ಕಟ್ಟಡಕ್ಕೆ ಅಂಟಿಕೊಂಡಿದೆ. ಬೇಲೂರಿನ ದೇವರಿಗೆ ವಿಜಯನಾರಾಯಣನೆಂದೂ, ಹಳೇಬೀಡಿನಲ್ಲಿ ಗಂಗರಾಜನ ಮಗ ಬೊಪ್ಪನು ೧೧೩೩ರಲ್ಲಿ ಕಟ್ಟಿಸಿದ ಬಸದಿಯ ಜಿನನಿಗೆ ವಿಜಯಪಾರ್ಶ್ವನೆಂದೂ ಹೆಸರು. ಕೊನೆಯದಾಗಿ, ಎರಡು ಕಡೆಯೂ ಕಟ್ಟಡ ನೀರಿನ ಸಮೀಪದಲ್ಲಿದೆ. ಈ ಕೊನೆಯ ಸಾದೃಶ್ಯವೇ ನಮ್ಮ ವಿವೇಚನೆಗೆ ಮುಖ್ಯವಾದುದು.

ಬೇಲೂರು ಯಗಚಿಯ ದಡದ ಊರು. ಯಗಚಿ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು. ಅಲ್ಲಿಂದ ಸುಮಾರು ಹದಿನಾರು ಕಿಲೋಮೀಟರು ದೂರದ ಹಳೇಬೀಡಿಗೆ ಹೊಳೆಯಿಲ್ಲ, ಇರುವುದು ಕೆರೆ. ಆದರೆ ಆ ಕೆರೆಗೆ ಹಿಂದಿನವರು ಇಟ್ಟ ಹೆಸರು ಸಮುದ್ರ. ರಾಜಧಾನಿಯೂ ಆ ಹೆಸರನ್ನೇ ಹೊತ್ತು ದೋರಸಮುದ್ರವಾಯಿತು. ಅರಸೀಕೆರೆಯ ಹೆಸರಂತೂ ನೀರಿನದೇ: ಅರಸಿಯ ಕೆರೆ. ಬೆಲೇಮಿನ ಗೋಪುರ ಮೊದಲು ದಡದಿಂದ ಬೇರ್ಪಟ್ಟು ನೀರಿನ ನಡುವೆಯೇ ನಿಂತಿತ್ತು. ಹೊರಟ ಹಡಗು ಕೊನೆಯದಾಗಿ ಕಾಣುತ್ತಿದ್ದ ಕಟ್ಟಡ ಅದು. ಮರಳಿದ ಹಡಗು ಮೊದಲು ಕಾಣುತ್ತಿದ್ದುದೂ ಅದನ್ನೇ.

ಇಷ್ಟರಿಂದಲೇ ಒಂದು ಸುಲಭವಾದ ಸಿದ್ಧಾಂತವನ್ನು ಕಟ್ಟಬಹುದು. ಪೋರ್ಚುಗೀಸರ ನೀರು ಹೊರಗೆ ಹರಿಯುವ ದಾರಿ. ನಮ್ಮದು ಕಟ್ಟೆ ಹಾಕಿ ನಿಲ್ಲಿಸಿದ ನೀರು. ಅವರದು ಹೊರಟ ಜನಾಂಗದ ಶಿಲ್ಪ, ನಮ್ಮದು ನೆಲೆನಿಂತ ಜನಾಂಗದ ಶಿಲ್ಪ. ಅವರು ಸಮುದ್ರವನ್ನು ದಾಟಿದರು. ನಾವು ಕೆರೆಗೆ ಸಮುದ್ರವೆಂದು ಹೆಸರಿಟ್ಟು ತೃಪ್ತರಾದೆವು. ಈ ಬಗೆಯ ಮಾತು ಕೇಳಲು ಸೊಗಸಾಗಿರುತ್ತದೆ. ಭಾಷಣಗಳಲ್ಲಿ ಚಪ್ಪಾಳೆಯನ್ನೂ ಗಳಿಸುತ್ತದೆ. ಆದರೆ ವಿಮರ್ಶೆಯ ಕೆಲಸ ಸೊಗಸಾದ ಮಾತನ್ನು ಶಾಸನದ ಮುಂದೆ ಹಿಡಿದು ನೋಡುವುದು. ಹಾಗೆ ಹಿಡಿದಾಗ ಈ ಸಿದ್ಧಾಂತ ನಿಲ್ಲುವುದಿಲ್ಲ. ಅದನ್ನು ಕೆಡಹುವ ಸಾಕ್ಷ್ಯ ಬರುವುದು, ಮೂರು ಊರುಗಳಲ್ಲಿ ಅತ್ಯಂತ ಕಡಿಮೆ ಜನ ನೋಡುವ ಅರಸೀಕೆರೆಯಿಂದ.

ಅರಸೀಕೆರೆ ಪ್ರದೇಶದ ಹೊಯ್ಸಳ ಕಾಲದ ಶಾಸನಗಳು ವರ್ತಕರನ್ನು ವಿಶೇಷವಾಗಿ ಹೊಗಳುತ್ತವೆ. ಕುದುರೆ, ಆನೆ, ಮುತ್ತುಗಳನ್ನು ಹಡಗುಗಳಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳ ವರ್ಣನೆ ಅಲ್ಲಿದೆ. ಮಲೆಯಾಳದಿಂದ ಬಂದು ನೆಲಸಿದ ವ್ಯಾಪಾರಿಗಳ ಹೆಸರುಗಳಿವೆ. ಕರಾವಳಿಯಿಂದ ಘಟ್ಟವನ್ನು ಏರಿ, ಮಲೆನಾಡನ್ನು ದಾಟಿ, ಬಯಲುಸೀಮೆಯ ಅಂಚಿಗೆ ಬಂದ ಮೇಲೆ ಸಿಕ್ಕುವ ಊರು ಇದು. ಇಲ್ಲಿಂದ ಸಮುದ್ರದ ಅಲೆಯ ಸದ್ದು ಕೇಳುವುದಿಲ್ಲ. ಆದರೆ ಸಮುದ್ರದ ವ್ಯಾಪಾರ ಈ ಊರಿನ ಕಲ್ಲಿನಲ್ಲಿ ಬರೆಯಲ್ಪಟ್ಟಿದೆ. ಅದೂ ಗಾಮನು ಹಾಯಿ ಬಿಚ್ಚುವುದಕ್ಕೆ ಸುಮಾರು ಮುನ್ನೂರು ವರ್ಷಗಳ ಹಿಂದೆ. ಆತನು ಕಂಡುಹಿಡಿದನೆನ್ನುವ ಪಶ್ಚಿಮ ಸಮುದ್ರದ ವಹಿವಾಟು ಅರಸೀಕೆರೆಯ ಸೆಟ್ಟಿಗೆ ದಿನನಿತ್ಯದ ಲೆಕ್ಕದ ವಿಷಯವಾಗಿತ್ತು. ಪೋರ್ಚುಗೀಸರು ಹೊಸದಾಗಿ ಕಂಡದ್ದು ಆಫ್ರಿಕವನ್ನು ಬಳಸಿ ಬರುವ ಜಲಮಾರ್ಗವನ್ನು. ಆ ಮಾರ್ಗದ ತುದಿಯಲ್ಲಿದ್ದ ಸಂತೆಯನ್ನಲ್ಲ.

ಈ ಹಿನ್ನೆಲೆಯಿಂದ ನೋಡಿದರೆ ಅರಸೀಕೆರೆಯ ದೇಗುಲ ಬೇರೆಯಾಗಿ ಕಾಣುತ್ತದೆ. ಹದಿನಾರು ಮೂಲೆಗಳ ನಕ್ಷತ್ರಾಕಾರದ ವಿಮಾನ ಹೊಯ್ಸಳ ಶೈಲಿಯಲ್ಲಿ ಅಪರೂಪವೇನಲ್ಲದಿದ್ದರೂ, ಅದರ ಮುಂದಿನ ತೆರೆದ ಮಂಟಪವನ್ನೂ ನಕ್ಷತ್ರದ ತಳಹದಿಯ ಮೇಲೆಯೇ ನಿಲ್ಲಿಸಿ, ಮೇಲೆ ಗುಮ್ಮಟದಂತಹ ಭುವನೇಶ್ವರಿಯನ್ನು ಕವಿಸಿರುವುದು ಬೇಲೂರಿನಲ್ಲೂ ಇಲ್ಲ, ಹಳೇಬೀಡಿನಲ್ಲೂ ಇಲ್ಲ. ಅದೇ ಊರಿನಲ್ಲಿ ಇಮ್ಮಡಿ ಬಲ್ಲಾಳನ ಮಂತ್ರಿ ರೇಚರಸನು ೧೨೨೦ರಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯವಿದೆ. ಇದು ರಾಜಧಾನಿಯಲ್ಲದ ಊರು. ಆದರೂ ಒಂದೇ ದಶಕದಲ್ಲಿ ಶೈವ ದೇಗುಲವನ್ನೂ ಜೈನ ಬಸದಿಯನ್ನೂ ಎತ್ತುವಷ್ಟು ಸಂಪತ್ತು ಇಲ್ಲಿ ಕೂಡಿತ್ತು. ಅದು ಎಲ್ಲಿಂದ ಬಂದಿರಬಹುದೆಂಬ ಪ್ರಶ್ನೆಯನ್ನು ಅಲಂಕಾರದ ಅಳತೆಗೋಲು ಕೇಳುವುದೇ ಇಲ್ಲ. ಬೆಲೇಮಿನ ಮಠದ ಬಗ್ಗೆ ಈ ಪ್ರಶ್ನೆಯನ್ನು ಯಾರೂ ಮರೆಯುವುದಿಲ್ಲ: ಪೂರ್ವದೇಶಗಳಿಂದ ಬಂದ ಸಂಬಾರಗಳ ಮೇಲಿನ ತೆರಿಗೆಯಲ್ಲಿ ಒಂದು ಪಾಲು ಅದರ ನಿರ್ಮಾಣಕ್ಕೆ ಮೀಸಲಾಗಿತ್ತು. ನಮ್ಮ ಘಟ್ಟದ ಮೆಣಸು ಅಲ್ಲಿ ಕಲ್ಲಾಯಿತೆಂದರೆ ತಪ್ಪಾಗದು.

ಈಗ ಹಳೇಬೀಡಿನ ಪಟ್ಟಿಕೆಗಳಿಗೆ ಹಿಂದಿರುಗೋಣ. ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂಬ ಕ್ರಮವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. ಆನೆ ಈ ಕಾಡಿನದು. ಸಿಂಹವೂ ಮಕರವೂ ಇಲ್ಲಿಗೆ ಶಿಲ್ಪಶಾಸ್ತ್ರದಿಂದ ಬಂದವು. ಕುದುರೆ? ಯುದ್ಧಕ್ಕೆ ಒದಗುವ ಉತ್ತಮ ಜಾತಿಯ ಕುದುರೆ ದಕ್ಷಿಣದಲ್ಲಿ ಬೆಳೆಯುತ್ತಿರಲಿಲ್ಲ. ಅದು ಅರಬರ ಮತ್ತು ಪಾರಸಿಕರ ನಾಡುಗಳಿಂದ ಸಮುದ್ರದ ಮೇಲೆ ಬರಬೇಕಾಗಿತ್ತು. ಅರಸೀಕೆರೆಯ ಸೆಟ್ಟಿ ಹಡಗಿನಿಂದ ಇಳಿಸಿದ ಸರಕೇ ಹಳೇಬೀಡಿನ ಗೋಡೆಯ ಮೇಲೆ ಸಾಲುಗಟ್ಟಿ ಓಡುತ್ತಿದೆ.

ಬೆಲೇಮಿನ ಗೋಪುರದಲ್ಲಿಯೂ ಹೊರನಾಡಿನ ಒಂದು ಪ್ರಾಣಿಯಿದೆ. ಅದರ ಒಂದು ಕಾವಲುಬುರುಜಿನ ಕೆಳಗೆ ಖಡ್ಗಮೃಗದ ತಲೆಯನ್ನು ಕೆತ್ತಿದ್ದಾರೆ. ಗುಜರಾತಿನ ಸುಲ್ತಾನನು ಕಾಣಿಕೆಯಾಗಿ ಕೊಟ್ಟ ಖಡ್ಗಮೃಗ ಗೋವೆಯ ಮಾರ್ಗವಾಗಿ ೧೫೧೫ರಲ್ಲಿ ಲಿಸ್ಬನ್ ಮುಟ್ಟಿತು; ಮರುವರ್ಷ ಅದನ್ನು ಪೋಪರಿಗೆ ಕಳುಹಿಸುವಾಗ ಹಡಗು ಮುಳುಗಿ ಸತ್ತಿತು. ಎರಡು ಪ್ರಾಣಿಗಳ ಸ್ಥಾನವನ್ನು ಹೋಲಿಸಿ ನೋಡಬೇಕು. ಖಡ್ಗಮೃಗ ಒಂಟಿ, ಅದು ವಿಚಿತ್ರ, ದೂರದ ನಾಡನ್ನು ಮುಟ್ಟಿದೆವೆಂಬುದರ ಗುರುತು. ಕುದುರೆ ಸಾಲಿನಲ್ಲಿ ಒಂದು. ಅದರ ಮೇಲೆ ಸವಾರನಿದ್ದಾನೆ, ಹಿಂದೆ ಮುಂದೆ ಬಳ್ಳಿಯ ಪಟ್ಟಿಕೆಯಿದೆ. ಎಲ್ಲಿಂದ ಬಂದಿತೆಂದು ಕೇಳುವ ಅಗತ್ಯವಿಲ್ಲದಷ್ಟು ಅದು ಮನೆಯದಾಗಿದೆ. ಲಿಸ್ಬನ್ನಿನ ಶಿಲ್ಪಿಗೆ ಹೊರನಾಡು ಹೊಸ ಸುದ್ದಿ. ಹಳೇಬೀಡಿನ ರೂವಾರಿಗೆ ಅದು ಹಳೆಯ ಪರಿಚಯ. ಒಳನಾಡಿನ ಮುಚ್ಚಿದ ಲೋಕ ಎಂಬ ಭಾವನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಅಲಂಕಾರದ ಮಾತಿಗೆ ಬಂದರೆ ಮತ್ತೊಂದು ವ್ಯತ್ಯಾಸ ತೋರುತ್ತದೆ. ಮನುವೆಲ್ ದೊರೆಯ ಕಟ್ಟಡಗಳಲ್ಲಿ ಪದೇ ಪದೇ ಬರುವವು ಕಲ್ಲಿನ ಹುರಿಹಗ್ಗ, ಖಗೋಳಯಂತ್ರ ಮತ್ತು ಕ್ರಿಸ್ತಸಂಘದ ಶಿಲುಬೆ. ಹಗ್ಗ ನೌಕೆಯದು, ಖಗೋಳಯಂತ್ರ ದೊರೆಯ ಲಾಂಛನ, ಶಿಲುಬೆ ಯಾತ್ರೆಗಳಿಗೆ ಬೆಂಬಲವಾದ ಸಂಘದ್ದು. ಎಷ್ಟೇ ವಿಪುಲವಾದರೂ ಈ ಅಲಂಕಾರ ಹೇಳುವ ಮಾತು ಒಂದೇ, ಹೇಳುವವನೂ ಒಬ್ಬನೇ. ಬೇಲೂರಿನಲ್ಲಿ ಅರಸನ ಬಿರುದುಗಳೇನೋ ಶಾಸನಗಳಲ್ಲಿ ಮೊಳಗುತ್ತವೆ. ಆದರೆ ಮದನಿಕೆಯ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ತಮ್ಮ ಹೆಸರುಗಳನ್ನು ಬಿರುದುಸಹಿತವಾಗಿ ಕೊರೆದಿದ್ದಾರೆ. ಅರಸನ ಗೆಲುವಿಗೆಂದು ಎದ್ದ ಕಟ್ಟಡದಲ್ಲಿ ರೂವಾರಿಯ ಗೆಲುವಿಗೂ ಎಡೆ ದೊರೆತಿದೆ. ಅಲಂಕಾರವನ್ನು ಎಷ್ಟು ಎಂದು ಅಳೆಯುವ ಬದಲು ಯಾರು ಮಾತಾಡುತ್ತಿದ್ದಾರೆ ಎಂದು ಕೇಳಿದಾಗ ಮಾತ್ರ ಇದು ಗೋಚರವಾಗುತ್ತದೆ.

ಇನ್ನು ಕಾಲದ ಪ್ರಶ್ನೆ. ಹೊಯ್ಸಳ ದೇಗುಲಗಳನ್ನು ಸ್ಥಾಪನೆಯ ವರ್ಷಕ್ಕೆ ಕಟ್ಟಿಹಾಕಿ, ಅನಂತರದ್ದನ್ನು ಕಲಬೆರಕೆಯೆಂದು ಕಡೆಗಣಿಸುವುದು ನಮ್ಮ ಬರಹಗಳಲ್ಲಿ ರೂಢಿಯಾಗಿದೆ. ಬೇಲೂರು ಈ ರೂಢಿಗೆ ಒಗ್ಗುವುದಿಲ್ಲ. ಅದರ ಜಾಲಂದ್ರಗಳು ಇಮ್ಮಡಿ ಬಲ್ಲಾಳನ ಕಾಲದ ಸೇರಿಕೆ. ಮುಸಲ್ಮಾನ ದಳವೊಂದು ಸುಟ್ಟ ಮಹಾದ್ವಾರದ ಗೋಪುರವನ್ನು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡನು ೧೩೯೭ರಲ್ಲಿ ಮತ್ತೆ ಎತ್ತಿಸಿದನು. ಪ್ರಾಕಾರದೊಳಗಿನ ಕೆಲವು ಗುಡಿಮಂಟಪಗಳೂ ವಿಜಯನಗರ ಕಾಲದವೇ. ಗಾಮನು ೧೪೯೮ರಲ್ಲಿ ಕಾರವಾರದ ಬಳಿಯ ಅಂಜುದೀವದಲ್ಲಿ ಲಂಗರು ಹಾಕಿದಾಗ, ಅಲ್ಬುಕರ್ಕನು ೧೫೧೦ರಲ್ಲಿ ಗೋವೆಯನ್ನು ಹಿಡಿದಾಗ, ಯಗಚಿಯ ದಡದಲ್ಲಿ ಕೇಶವನ ಪೂಜೆ ನಡೆಯುತ್ತಲೇ ಇತ್ತು. ಡೊಮಿಂಗೊ ಪಾಯೆಸ್, ಫೆರ್ನಾವ್ ನುನಿಜ್ ಇವರ ವೃತ್ತಾಂತಗಳಲ್ಲಿ ನಾವು ತುಂಗಭದ್ರೆಯ ದಡದ ವಿಜಯನಗರವನ್ನು ಕಾಣುತ್ತೇವೆ. ಅದರಿಂದಾಗಿ ಆ ಕಾಲದ ಕನ್ನಡ ನಾಡೆಂದರೆ ಅದೊಂದೇ ಎಂಬ ಭ್ರಮೆಯೂ ಹುಟ್ಟಿದೆ. ವಿದೇಶೀಯನು ನೋಡಿ ಬರೆದದ್ದು ಮಾತ್ರ ಚರಿತ್ರೆಯಲ್ಲ.

ಹಳೇಬೀಡಿನ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಅಗತ್ಯ. ಮಲಿಕ್ ಕಾಫರನ ೧೩೧೧ರ ದಾಳಿ, ಅನಂತರ ತುಘಲಕರ ದಾಳಿ, ಆಮೇಲೆ ಪಾಳು ಎಂದು ಪಾಠ ಮುಗಿಸುವುದು ವಾಡಿಕೆ. ಆದರೆ ಅಲ್ಲಿಯ ೧೬೩೮ರ ಶಾಸನವೊಂದು ಬೇರೆ ಕಥೆಯನ್ನು ಹೇಳುತ್ತದೆ. ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಒಬ್ಬ ವೀರಶೈವನು ಲಿಂಗಮುದ್ರೆಯನ್ನು ಒತ್ತಿದನು, ಒಬ್ಬ ಜೈನನು ಅದನ್ನು ಅಳಿಸಿದನು, ವಿವಾದ ಬೆಳೆಯಿತು. ಬೇಲೂರಿನ ವೆಂಕಟಾದ್ರಿನಾಯಕನ ಆಳ್ವಿಕೆಯಲ್ಲಿ ಎರಡು ಪಕ್ಷದ ಮುಖಂಡರೂ ಸೇರಿ ಒಪ್ಪಂದ ಮಾಡಿಕೊಂಡರು: ಮೊದಲು ವಿಭೂತಿ ವೀಳ್ಯಗಳನ್ನು ಅರ್ಪಿಸಿ, ಆಮೇಲೆ ಜೈನರು ತಮ್ಮ ಪೂಜೆಯನ್ನು ವಿಧಿಪ್ರಕಾರ ನಡೆಸಿಕೊಳ್ಳಬಹುದು. ಇದನ್ನು ಸಮರಸದ ಮಾದರಿಯೆಂದು ಕೊಂಡಾಡುವುದು ಅವಿವೇಕ. ಯಾರ ಕೈ ಮೇಲಾಗಿತ್ತೆಂಬುದು ಷರತ್ತಿನಲ್ಲೇ ಬರೆದಿದೆ. ಆದರೆ ಅಲ್ಲಿ ಜನರಿದ್ದರು, ಪೂಜೆಯಿತ್ತು, ಕಂಬದ ಮೇಲಿನ ಒಂದು ಗುರುತಿಗಾಗಿ ಸಿಟ್ಟಾಗುವಷ್ಟು ಆಸ್ಥೆಯೂ ಇತ್ತು ಎಂಬುದರಲ್ಲಿ ಸಂದೇಹವಿಲ್ಲ. ಪಾಳೆಂದು ನಾವು ಕರೆದ ಊರು ತಾನು ಪಾಳೆಂದು ತಿಳಿದಿರಲಿಲ್ಲ.

ಬೆಲೇಮಿನ ಕಟ್ಟಡಗಳಿಗೂ ಎರಡನೆಯ ಬದುಕು ಇದೆ. ಗೋಪುರ ಸುಂಕದ ಕಟ್ಟೆಯಾಯಿತು, ಸೆರೆಮನೆಯಾಯಿತು, ದೀಪಸ್ತಂಭವಾಯಿತು. ೧೮೩೦ರ ದಶಕದಲ್ಲಿ ಸಂನ್ಯಾಸಿಸಂಘಗಳು ರದ್ದಾಗಿ ಮಠ ಬರಿದಾಯಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಗಾಮನ ಅವಶೇಷಗಳನ್ನು ಅಲ್ಲಿಗೆ ತಂದು ಸಮಾಧಿ ಮಾಡಿ, ಅದನ್ನು ರಾಷ್ಟ್ರದ ಸ್ಮೃತಿಮಂದಿರವಾಗಿ ಮಾರ್ಪಡಿಸಿದರು. ಕೊನೆಗೆ ೧೯೬೦ರಲ್ಲಿ, ರಾಜಕುಮಾರ ಹೆನ್ರಿ ಸತ್ತ ಐನೂರನೆಯ ವರ್ಷದ ನೆನಪಿಗೆ, ಸಲಜಾರನ ಸರ್ಕಾರ ಅದೇ ದಡದಲ್ಲಿ ‘ಶೋಧನೆಗಳ ಸ್ಮಾರಕ’ವನ್ನು ನಿಲ್ಲಿಸಿತು: ಹಡಗಿನ ಮೂತಿಯಾಕಾರದ ಎತ್ತರವಾದ ಕಟ್ಟಡ, ಅದರ ಎರಡು ಅಂಚುಗಳಲ್ಲಿ ಸಾಲಾಗಿ ಏರುವ ನಾವಿಕರು, ಪಾದ್ರಿಗಳು, ಕವಿಗಳು. ಸುಂಕದ ಕಟ್ಟೆಯ, ಸೆರೆಮನೆಯ ಗೊಂದಲವೆಲ್ಲ ಇಲ್ಲಿ ಅಳಿಸಿಹೋಗಿದೆ. ಹೊರಡುವುದೊಂದೇ ಉಳಿದಿದೆ; ಮುಟ್ಟಿದ ನಾಡಿನವರಾರೂ ಈ ಸಾಲಿನಲ್ಲಿಲ್ಲ. ಮರುವರ್ಷವೇ, ೧೯೬೧ರ ಡಿಸೆಂಬರ್ ೧೯ರಂದು, ಗೋವೆ ಪೋರ್ಚುಗೀಸರ ಕೈಬಿಟ್ಟಿತು. ಸ್ಮಾರಕವು ತನ್ನ ಕಾಲವನ್ನು ಅರಿಯದಿದ್ದರೆ ಹೇಗಾಗುತ್ತದೆಂಬುದಕ್ಕೆ ಇದು ಪಾಠ.

ಈ ಪಾಠ ನಮಗೂ ಅನ್ವಯಿಸುತ್ತದೆ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬೆಲೇಮಿನ ಗೋಪುರವೂ ಮಠವೂ ೧೯೮೩ರಲ್ಲೇ ಸೇರಿದ್ದವು. ಈ ಮನ್ನಣೆ ಸಂತೋಷದ ವಿಷಯ. ಆದರೆ ಪಟ್ಟಿಯಲ್ಲಿ ಅರಸೀಕೆರೆಯಿಲ್ಲ. ಪಟ್ಟಿ ಶಿಲ್ಪದ ಶ್ರೇಷ್ಠತೆಯನ್ನು ನೋಡುತ್ತದೆ. ಶ್ರೇಷ್ಠವಾದುದಕ್ಕೆ ಹಣವನ್ನೂ ಕುದುರೆಯನ್ನೂ ಒದಗಿಸಿದ ಊರನ್ನು ಹುಡುಕುವುದು ಅದರ ಕೆಲಸವಲ್ಲ. ಅದು ವಿಶ್ವವಿದ್ಯಾನಿಲಯಗಳ ಕೆಲಸ. ಹೊಯ್ಸಳರದು ಎಂಬ ಒಂದು ಹೆಸರಿನಿಂದ ಗುಂಡ ದಂಡನಾಯಕನ ಗೋಪುರವೂ ೧೬೩೮ರ ಒಪ್ಪಂದವೂ ಮಬ್ಬಾದರೆ, ಹಡಗಿನ ಮೂತಿಯ ಸ್ಮಾರಕವನ್ನು ಕಟ್ಟಿದವರ ದೋಷ ಬೇರೆ ರೂಪದಲ್ಲಿ ನಮ್ಮದೂ ಆಗುತ್ತದೆ.

ಆದಕಾರಣ ಅಧ್ಯಾಪಕ ಮಿತ್ರರಿಗೆ ನಮ್ಮದೊಂದು ಸೂಚನೆ. ಅಧ್ಯಯನ ಪ್ರವಾಸಕ್ಕೆ ಹೊರಟ ವಿದ್ಯಾರ್ಥಿಗಳು ಅರಸೀಕೆರೆಯ ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿದು ನೇರವಾಗಿ ಬೇಲೂರಿನ ಬಸ್ಸನ್ನು ಹತ್ತುವುದು ಬೇಡ. ಮೊದಲ ದಿನ ಅರಸೀಕೆರೆಯಲ್ಲೇ ಕಳೆಯಲಿ. ಹಡಗಿನ ವರ್ತಕರನ್ನು ಕುರಿತ ಶಾಸನಪಾಠವನ್ನು ತರಗತಿಯಲ್ಲಿ ಮೊದಲೇ ಓದಿಕೊಂಡು ಬಂದಿರಲಿ. ಎರಡನೆಯ ದಿನ ಹಳೇಬೀಡಿನಲ್ಲಿ ಕುದುರೆಯ ಪಟ್ಟಿಕೆಯನ್ನು ನೋಡಿದ ಮೇಲೆ ಬಸದಿಯ ಕಂಬಗಳ ಬಳಿ ೧೬೩೮ರ ಶಾಸನವನ್ನು ಚರ್ಚಿಸಲಿ. ಬೇಲೂರು ಕೊನೆಗೆ ಬರಲಿ. ಅಲ್ಲಿ ಯಾವ ಕಲ್ಲು ಯಾವ ಶತಮಾನದ್ದೆಂದು ಗುರುತಿಸಿ ನಕ್ಷೆ ಬರೆಯುವ ಕೆಲಸವನ್ನು ಅವರಿಗೆ ಒಪ್ಪಿಸಬೇಕು. ಹೀಗೆ ನೋಡಿದವರಿಗೆ ಪಾರ್ಥೆನಾನಿನ ಹೋಲಿಕೆ ಬೇಕಾಗಲಾರದು. ಬೆಲೇಮಿನ ಹೋಲಿಕೆಯೂ ಬಹಳ ಕಾಲ ಬೇಕಾಗಲಾರದು.